ಬೀಳಲಿರುವ ಮನೆ ಬೀಳಲು ಮೂರು ದಿನ

ಬಡಾವಣೆ ರಸ್ತೆಗಳ ಉಸ್ತುವಾರಿ ಹೊತ್ತ ಅಧಿಕಾರಿ ಮಹಾಶಯರೇ,

ಕಳೆದ ತಿಂಗಳು ವಿಜಯನಗರದ ಅಂಚಿನಲ್ಲಿ ನೀವು ಕೆಡವಿಸಿದ ಲಿಂಗಮ್ಮನವರ ಮನೆ ನಿಮ್ಮ ರಸ್ತೆಗೆ ಅಡ್ಡವಿರಲಿಲ್ಲ. ಅದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಕೆಡವಿಸಿದಿರಿ. ನಾನು ಬರೆದ ಐದು ಪತ್ರಗಳಿಗೂ ನೀವು ಉತ್ತರಿಸಲಿಲ್ಲವಾದ್ದರಿಂದ ಆರನೆಯದನ್ನು ಊರೆಲ್ಲ ಓದಲೆಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಆ ಮನೆ 1878ರದು. ದೊಡ್ಡ ಬರದಲ್ಲಿ ಹಸಿದವರಿಗೆ ಕೆಲಸವಾಗಲೆಂದು ಲಿಂಗಮ್ಮನವರ ತಾತ ಕೂಲಿಗೆ ರಾಗಿ ಅಳೆದುಕೊಟ್ಟು ಕಟ್ಟಿಸಿದ್ದು. ಎರಡು ಮೊಳ ದಪ್ಪದ ಗೋಡೆ. ಲಿಂಗಮ್ಮ ಸೂಲಗಿತ್ತಿ, ಬಡಾವಣೆ ಬರುವ ಮೊದಲು ಅಲ್ಲಿದ್ದ ಹಳ್ಳಿಯ ಅರ್ಧ ಜನ ಹುಟ್ಟಿದ್ದು ಅದರ ನಡುಮನೆಯಲ್ಲೇ. ನಿಮ್ಮ ನೋಟೀಸಿನಲ್ಲಿ ಮಾತ್ರ ಅದು 'ಬೀಳಲಿರುವ ಶಿಥಿಲ ಕಟ್ಟಡ'. ನೋಡದೆಯೇ ಶಿಥಿಲವೆಂದು ಕಂಡುಕೊಳ್ಳುವ ದಿವ್ಯದೃಷ್ಟಿ ಯಾವ ಪರೀಕ್ಷೆ ಪಾಸು ಮಾಡಿದರೆ ಬರುತ್ತದೆ ಸ್ವಾಮಿ?

ನಾನು ಟೇಪು ಹಿಡಿದು ಅಳೆದೆ. ನಿಮ್ಮದೇ ನಕ್ಷೆಯ ಪ್ರಕಾರ ರಸ್ತೆ ಮನೆಯಿಂದ ಇಪ್ಪತ್ತು ಅಡಿ ಆಚೆ. ಲಿಂಗಮ್ಮನವರೊಂದಿಗೆ ನಿಮ್ಮ ಮೇಜಿನ ಮುಂದೆ ನಿಂತು ತೋರಿಸಿದಾಗ ನೀವೇ ಅಂದಿರಿ: “ಸೋಮವಾರ ನಾನೇ ಬಂದು ನೋಡ್ತೀನಿ. ಅಲ್ಲಿವರೆಗೂ ಯಾರೂ ಮುಟ್ಟಲ್ಲ, ಹೋಗಿ.”

ಶನಿವಾರ ಮಾಗಡಿಯಿಂದ, ಲಿಂಗಮ್ಮನವರ ಮಗಳಿಗೆ ಹೆರಿಗೆ ನೋವು ಶುರುವಾಗಿದೆಯೆಂದು ಹೇಳಿಕಳಿಸಿದರು. ಲಿಂಗಮ್ಮ ಹಿಂದೆಮುಂದೆ ನೋಡಿದರು. “ಮನೆ ಬಿಟ್ಟು ಹೆಂಗೆ ಹೋಗ್ಲಿ ಮೇಷ್ಟ್ರೇ?”

“ಸಾಹೇಬರು ಮಾತು ಕೊಟ್ಟಿದಾರಲ್ಲ. ಧೈರ್ಯವಾಗಿ ಹೋಗಿಬನ್ನಿ, ನಾನಿದೀನಿ,” ಎಂದು ಬಸ್ಸು ಹತ್ತಿಸಿದವನು ನಾನು.

ಭಾನುವಾರ ಬೆಳಿಗ್ಗೆ ನಿಮ್ಮ ಆಳುಗಳು ಬಂದರು. ಕಚೇರಿ ಮುಚ್ಚಿರುವ ದಿನ, ಕೋರ್ಟೂ ಮುಚ್ಚಿರುವ ದಿನ! ನಾನು ಓಡಿಹೋಗುವಷ್ಟರಲ್ಲಿ ಹೆಂಚು ಇಳಿಸಿಯಾಗಿತ್ತು. ಅಡ್ಡ ನಿಂತೆ, ಪೊಲೀಸರು ತೋಳು ಹಿಡಿದು ಪಕ್ಕಕ್ಕೆ ಕೂರಿಸಿದರು. ಮೇಸ್ತ್ರಿ ಬೆಟ್ಟಯ್ಯ ಬೆವರು ಒರೆಸಿಕೊಂಡು, “ಬೀಳೋ ಮನೆ ಅಂದಿದ್ರು ಸಾರ್. ಹಾರೆ ಬಗ್ತಾ ಇದೆ, ಗೋಡೆ ಬಗ್ತಾ ಇಲ್ಲ,” ಎಂದ. ಹನ್ನೆರಡು ಆಳುಗಳಿಗೆ ಮೂರು ದಿನ ಹಿಡಿಯಿತು. ಸೋಮವಾರ ನಿಮ್ಮ ಕಚೇರಿಗೆ ಬಂದರೆ ಗುಮಾಸ್ತರು, “ಸಾಹೇಬ್ರು ಕ್ಯಾಂಪಲ್ಲಿದಾರೆ,” ಅಂದರು. ನಿಮ್ಮ ನಗು ಒಳಗಿನಿಂದ ಕೇಳುತ್ತಿತ್ತು.

ಮಂಗಳವಾರ ಸಂಜೆ ಲಿಂಗಮ್ಮ ಮೊಮ್ಮಗಳು ಹುಟ್ಟಿದ ಸಂತೋಷದಲ್ಲಿ ಬಸ್ಸಿಳಿದು ಬಂದರು. ಮಣ್ಣಿನ ಗುಡ್ಡೆಯ ಮುಂದೆ ನಿಂತರು. ನನ್ನ ಕಡೆ ತಿರುಗಿ, “ನೀವಿದ್ರಲ್ಲ ಮೇಷ್ಟ್ರೇ?” ಎಂದಷ್ಟೇ ಕೇಳಿದರು.

ಈಗ ನಿಮ್ಮ ರಸ್ತೆಗೆ ಜಲ್ಲಿ ಬಿದ್ದಿದೆ. ಎಲ್ಲಿ? ಇಪ್ಪತ್ತು ಅಡಿ ಆಚೆ. ಮನೆಯಿದ್ದ ಜಾಗದಲ್ಲಿ ಬಡಾವಣೆಯ ಕಸ.

ನನಗೆ ವಿಚಾರಣಾ ಸಮಿತಿ ಬೇಡ, ವಿಷಾದದ ಸುತ್ತೋಲೆಯೂ ಬೇಡ. ಲಿಂಗಮ್ಮ ಕಾಮಾಕ್ಷಿಪಾಳ್ಯದಲ್ಲಿ ತಂಗಿಯ ಮನೆಯ ಜಗಲಿಯಲ್ಲಿದ್ದಾರೆ. ಅಲ್ಲಿಗೆ ಬಂದು, ಅವರ ಎದುರು ನಿಂತು, “ಮೇಷ್ಟ್ರು ಸುಳ್ಳು ಹೇಳಲಿಲ್ಲಮ್ಮ, ಸುಳ್ಳು ಹೇಳಿದವನು ನಾನು,” ಅನ್ನಿ. ಆ ಮಾತನ್ನು ನಾನೇ ಹೇಳಿಕೊಳ್ಳೋಣವೆಂದು ಎರಡು ಸಲ ಅವರ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದಿದ್ದೇನೆ.

ಇಂತಿ,
ಸರ್ಕಾರದ ಮಾತಿಗೆ ಜಾಮೀನು ನಿಂತ ದಡ್ಡ,
ಶಿವಬಸಪ್ಪ, ನಿವೃತ್ತ ಉಪಾಧ್ಯಾಯ
ವಿಜಯನಗರ, ನವೆಂಬರ್ 1974