ಮನೆಯಲ್ಲಿ ಯಾರೂ ಕರೆಯದ ಹೆಸರು

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಾ,

ಹೇಗಿದ್ದೀಯ? ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ಆರಿದವೆ? ನಿನ್ನ ಮೇಲಿನ ಹಾಸಿಗೆಯ ಗೊರಕೆಯಣ್ಣ ಸುಖವಾಗಿದ್ದಾನೆಯೆ? ಸೊಂಟ ಹಿಡಿದಿದ್ದ ಹಡಗಿನ ಅಡುಗೆಯವನಿಗೆ ಈಗ ಬಗ್ಗಲು ಬರುತ್ತದೆಯೆ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ತುಕ್ಕು ಹಿಡಿದ ಬೀಗದ ಹಾಗೆ, ಎಣ್ಣೆ ಹಚ್ಚಿದರೆ ಒಂದಿಷ್ಟು ತಿರುಗುತ್ತದೆ. ಬೆಳಿಗ್ಗೆ ಅಂಗಡಿ ತೆಗೆದು ಒಂದೆರಡು ಕೀಲಿಕೈ ಉಜ್ಜಿ ಊಟಕ್ಕೆ ಬರುತ್ತೇನೆ. ನಿನ್ನ ಹೆಂಡತಿ ಹುಷಾರಾಗಿದ್ದಾಳೆ. ಮಗಳು ಮೈ ತುಂಬಿಕೊಂಡಿದ್ದಾಳೆ. ಅಳುವಾಗ ಮೂಗು ನಿನ್ನ ಹಾಗೇ ಅರಳುತ್ತದೆ, ಏನು ಮಾಡೋಣ.

ಇನ್ನು ಮಗುವಿನ ಹೆಸರಿನ ವಿಷಯ. ನಿನಗೆ ನಿನ್ನ ಅಮ್ಮನ ಹೆಸರೇ ಆಗಬೇಕು. ಅವಳು ಹೋಗಿ ಇನ್ನೂ ವರ್ಷ ತುಂಬಿಲ್ಲ, ನಿನ್ನ ಹಟ ನ್ಯಾಯವೇ. ನಿನ್ನ ಹೆಂಡತಿಗೆ ಬೇಕಿರುವುದು ಯಾರ ನಾಲಿಗೆಗೂ ತೊಡಕಾಗದ ಎರಡಕ್ಷರದ ಹೆಸರು. ಜಗಳವಾದ ಮೇಲೆ ಅವಳು ನಿನ್ನ ಫೋನು ಎತ್ತುತ್ತಿಲ್ಲ ಎಂಬುದೂ ನನಗೆ ಗೊತ್ತು. ತಿಂಗಳು ಮುಗಿಯುವುದರೊಳಗೆ ಕಚೇರಿಗೆ ಹೋಗಿ ಹೆಸರು ಬರೆಸಬೇಕು. "ನೀವೇ ಹೇಳಿ ಮಾವ" ಎಂದು ಅವಳು, "ನೀನೇ ಹೇಳಪ್ಪ" ಎಂದು ನೀನು. ಎರಡು ಬಾಗಿಲಿಗೆ ಒಂದೇ ಕೀಲಿಕೈ ಮಾಡಿಕೊಡು ಎಂದರೆ ನಾನೆಲ್ಲಿಂದ ತರಲಿ?

ಅವಳದು ಬರೀ ಮೊಂಡುತನವೂ ಅಲ್ಲ. ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ದಿನವಿಡೀ ಹೆಸರು ಕೂಗುವವಳು. "ಜನರ ಹೆಸರನ್ನ ನಾವು ಏನ್ ಮಾಡ್ತೀವಿ ಅಂತ ನಿಮ್ ಮಗನಿಗೆ ಗೊತ್ತಿಲ್ಲ ಮಾವ, ಕೈಕಾಲು ಮುರಿದು ಕೂರಿಸ್ತೀವಿ" ಎಂದಳು. ಕಳೆದ ವಾರ, ರಜೆಯಲ್ಲಿದ್ದರೂ, ಮಗುವನ್ನೆತ್ತಿಕೊಂಡು ನನ್ನನ್ನೂ ಎಳೆದುಕೊಂಡು ಅಲ್ಲಿಗೆ ಹೋದಳು. ಪರೀಕ್ಷೆಯಂತೆ! ನಿನ್ನ ಅಮ್ಮನ ಹೆಸರನ್ನು ಚೀಟಿಯಲ್ಲಿ ಬರೆದು ಬೇರೆ ಚೀಟಿಗಳ ನಡುವೆ ತೂರಿಸುವುದು, ಕಂಡದ್ದನ್ನು ಆಸ್ಪತ್ರೆಯವರು ಕೂಗುವುದು, ನಾನು ಆ ಹೆಸರಿನವಳ ಕಡೆಯವನಂತೆ ಎದ್ದು ಹೋಗುವುದು. ಕಣ್ಣಿಗೆ ಔಷಧಿ ಬಿಟ್ಟುಕೊಂಡು ತಲೆ ಹಿಂದಕ್ಕೆ ಚೆಲ್ಲಿದವರ ಸಾಲಿನಲ್ಲಿ ಕಣ್ಣು ನೆಟ್ಟಗಿರುವ ನಾನೂ ಒಬ್ಬ.

ಮೊದಲು ಕೂಗಿದ್ದು ಅವಳ ಜೊತೆ ಕೆಲಸ ಮಾಡುವ ಹುಡುಗಿ. ನಡುವಿನ ಅಕ್ಷರ ನುಂಗಿಬಿಟ್ಟಳು. ನಾನು ಎದ್ದೆ. ಆಮೇಲೆ ಬಾಗಿಲು ಕಾಯುವವನು ಅದೇ ಹೆಸರನ್ನು ಎರಡು ಹೆಸರಾಗಿ ಒಡೆದು ಕೂಗಿದ. ನಾನು ಎದ್ದೆ, ಜೊತೆಗೆ ಇನ್ನೊಬ್ಬ ಮುದುಕನೂ ಎದ್ದ. ಕೊನೆಗೆ ಡಾಕ್ಟರು ತಾವೇ ಬಾಗಿಲಿಗೆ ಬಂದು ಓದಿದರು. ಹೆಸರಿನ ಬಾಲ ಮಾತ್ರ ಉಳಿದಿತ್ತು. ಅದಕ್ಕೂ ಎದ್ದೆ. "ನೋಡಿದ್ರಾ ಮಾವ, ಒಬ್ರಾದ್ರೂ ಸರಿಯಾಗಿ ಅಂದ್ರಾ?" ಎಂದಳು ನಿನ್ನ ಹೆಂಡತಿ, ಗೆದ್ದವರ ಮುಖ ಮಾಡಿಕೊಂಡು. ನಿಮ್ಮತ್ತೆಗೂ ಜೀವಮಾನವಿಡೀ ಹೀಗೇ ಆಯಿತಮ್ಮ, "ಕರೆಯೋರ ಬಾಯಿ ಸೊಟ್ಟ ಇದ್ರೆ ನನ್ ಕಾಲಿಗೇನಾಗಿದೆ, ಎದ್ದು ಹೋಗ್ತೀನಿ" ಅನ್ನುತ್ತಿದ್ದಳು ಎಂದೆ. ಅದಕ್ಕೆ ಅವಳು ನಕ್ಕಳು. ನಕ್ಕು, "ಹಾಗಾದ್ರೆ ಸರಿಯಾಗಿ ಹೇಗೆ? ನೀವು ಅತ್ತೇನ ಕರೀತಿದ್ದ ಹಾಗೆ ಒಂದ್ಸಲ ಅನ್ನಿ" ಎಂದಳು.

ಬಾಯಿ ತೆರೆದೆ. ಬರಲಿಲ್ಲ. ಹೆಸರು ಮರೆತಿತ್ತೆಂದಲ್ಲ, ಬಾಯಿಗೆ ರೂಢಿಯೇ ಇರಲಿಲ್ಲ. "ಇವಳೇ", "ಏ, ಇಲ್ನೋಡು", "ಕೇಳಿಸ್ತಾ" – ಇಷ್ಟರಲ್ಲೇ ನಮ್ಮ ಸಂಸಾರ ಸಾಗಿತು. ನಿನಗೆ ಅವಳು ಅಮ್ಮ, ಸೊಸೆಗೆ ಅತ್ತೆ, ಬೀದಿಗೆಲ್ಲ ಕೀಲಿಯಮ್ಮ. ಅವಳನ್ನು ಹೆಸರು ಹಿಡಿದು ಕರೆದವರೆಲ್ಲ ಕೌಂಟರಿನವರೇ. ನೀನೂ ಅಷ್ಟು ಜಗಳವಾಡಿದೆಯಲ್ಲ, "ಅಮ್ಮನ ಹೆಸರು, ಅಮ್ಮನ ಹೆಸರು" ಎಂದೆಯೇ ಹೊರತು ಆ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲವಂತೆ. ನಿನ್ನ ಹೆಂಡತಿಯೇ ನೆನಪು ಮಾಡಿಕೊಂಡು ಹಾಗೆಂದಳು.

ಬಸ್ಸು ಹತ್ತಿ ಮನೆಗೆ ಹೊರಟೆವು. ಇಳಿಯುವಾಗ, "ಮನೇಲಿ ಯಾರೂ ಬಳಸೇ ಇಲ್ಲ ಅಂದ್ಮೇಲೆ ಹೊಸಾದ್ರ ಹಾಗೇ ಇದೆ ಬಿಡಿ" ಎಂದಳು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನಡುವೆ ನಿಂತವನು ಯಾವ ಕಡೆಗೂ ತಳ್ಳಬಾರದು.

ಮೈ ತಂಪಾಗಿಟ್ಟುಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಗೊರಕೆಯಣ್ಣನಿಗೂ ಅಡುಗೆಯವನಿಗೂ ನಾನು ಕೇಳಿದೆನೆಂದು ಹೇಳು. ಹೋದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ.

ಇಂತಿ ನಿನ್ನ
ಅಪ್ಪ

ಹೇಳುವುದನ್ನೇ ಮರೆತೆ ನೋಡು. ನಿನ್ನ ಹೆಂಡತಿ ಆ ಹೆಸರಿಗೇ ಒಪ್ಪಿದ್ದಾಳೆ. ಒಂದೇ ಷರತ್ತು: ಮನೆಯೊಳಗೆ ಪಾಪು, ಪುಟ್ಟಿ, ಚಿನ್ನಿ ಯಾವುದೂ ಕೂಡದು, ಎಲ್ಲರೂ ಪೂರ್ತಿ ಹೆಸರು ಹಿಡಿದೇ ಕರೆಯಬೇಕು. ಸರಿಯೇ. ಮೂಲದ ಕೀಲಿಕೈ ಮನೆಯಲ್ಲಿದ್ದರೆ ಹೊರಗೆ ನಕಲು ಕೆಟ್ಟರೂ ಚಿಂತೆಯಿಲ್ಲ. ನಾನು ಇವತ್ತೇ ಶುರು ಮಾಡಿದೆ. ಅಂಗಡಿಗೆ ಹೊರಡುವ ಮುಂಚೆ ತೊಟ್ಟಿಲ ಮೇಲೆ ಬಗ್ಗಿ ಕರೆದೆ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಕರೆದೆ. ಮಗು ಕಣ್ಣು ಬಿಡಲಿಲ್ಲ. ನಿನ್ನ ಅಮ್ಮ ಓಗೊಟ್ಟಾಳೇನೋ ಎಂಬಂತೆ ನಾನೇ ಅಡುಗೆಮನೆಯ ಕಡೆ ತಿರುಗಿ ನೋಡಿದೆ. ಇನ್ನು ನಿನ್ನ ಸರದಿ. ಫೋನು ಮಾಡು, ಎತ್ತುತ್ತಾಳೆ. ಕಾಗದವನ್ನೂ ಬೇಗ ಬರೆ. ಈ ಸಲ "ಅಮ್ಮನ ಹೆಸರು" ಎಂದು ಬರೆಯಬೇಡ, ಹೆಸರನ್ನೇ ಬರೆ.