ನೀಲಿ ಒಪ್ಪತ್ತು

ಸತ್ಯನಾರಾಯಣಪೇಟೆ, ಬಳ್ಳಾರಿ
ಮಾರ್ಚ್ ೧೯೭೯

ದೀರ್ಘಕಾಲದ ಕಾಯಿಲೆಗಳ ಸಂಶೋಧನಾ ಘಟಕದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ತಮ್ಮ ಘಟಕದ ಪರೀಕ್ಷೆಯಲ್ಲಿ ನನ್ನ ಅಕ್ಕ ಪಾಸಾಗಿದ್ದಾಳೆ. ಅದಕ್ಕೇ ನನಗೆ ಭಯವಾಗಿದೆ. ಬರುವ ಸೋಮವಾರ ಅವಳು ಮತ್ತೊಮ್ಮೆ ಪಾಸಾಗಲು ಹೊರಟಿದ್ದಾಳೆ. ಈ ಸಲ ಪಾಸಾದ ಮೇಲೆ ಅವಳು ಉಳಿದಿರುತ್ತಾಳೋ ಇಲ್ಲವೋ ನನಗೆ ತಿಳಿಯದು. ತಮಗೂ ತಿಳಿಯದು. ತಿಳಿಯದು ಎಂಬುದು ನನಗೆ ಗೊತ್ತಿದೆ, ತಮಗೆ ಗೊತ್ತಿಲ್ಲ. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಅಷ್ಟೇ.

ಈ ಪತ್ರವನ್ನು ಪತ್ರಿಕೆಯಲ್ಲಿ ಓದುವ ಉಳಿದವರಿಗಾಗಿ ಎರಡು ಮಾತು. ಸಕ್ಕರೆ ಕಾಯಿಲೆಯವರು ವರ್ಷಗಟ್ಟಲೆ ಆ ಕಾಯಿಲೆಯೊಂದಿಗೆ ಹೇಗೆ ಬದುಕುತ್ತಾರೆ ಎಂದು ಅರಿಯಲು ನಮ್ಮ ಊರಿನಲ್ಲಿ ಒಂದು ಸಂಶೋಧನೆ ನಡೆದಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ರೋಗಿಗಳನ್ನು ಅದಕ್ಕೆ ಆರಿಸಿಕೊಂಡಿದ್ದಾರೆ. ನಮಗೆ ಇನ್ಸುಲಿನ್ ಪುಕ್ಕಟೆಯಾಗಿ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ನಾವು ಗೊತ್ತಾದ ದಿನ ಬಂದು ಮೂತ್ರ ಕೊಡಬೇಕು, ಕೇಳಿದ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎನ್ನಬೇಕು. ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಒಂದು ನೀಲಿ ದ್ರಾವಣದೊಂದಿಗೆ ಕಾಯಿಸುತ್ತಾರೆ. ಸಕ್ಕರೆ ಇಲ್ಲದಿದ್ದರೆ ಅದು ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು. ಮೇಲಿಂದ ಮೇಲೆ ಕೆಂಪು ಬಂದವರನ್ನು 'ಶಿಸ್ತಿಲ್ಲದವರು' ಎಂದು ಸಂಶೋಧನೆಯಿಂದ ತೆಗೆದುಹಾಕಲಾಗುವುದು ಎಂದು ಬಾಗಿಲಿನ ಪಕ್ಕದ ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ತೆಗೆದುಹಾಕಿದರೆ ಇನ್ಸುಲಿನ್ ನಿಲ್ಲುತ್ತದೆ. ಅದನ್ನು ಬರೆಸಿಲ್ಲ. ಓದು ಬಾರದವರಿಗೂ ಅದು ಅರ್ಥವಾಗಿದೆ.

ಮಾನ್ಯರೇ, ಆ ಫಲಕ ತೂಗುಹಾಕಿದ ದಿನದಿಂದ ತಮ್ಮ ರೋಗಿಗಳಲ್ಲಿ ಒಂದು ಹೊಸ ವ್ರತ ಹುಟ್ಟಿದೆ. ಸಿರುಗುಪ್ಪದ ಹೆಂಗಸರು ಅದನ್ನು 'ನೀಲಿ ಒಪ್ಪತ್ತು' ಎನ್ನುತ್ತಾರೆ. ಸೋಮವಾರ ಒಪ್ಪತ್ತು ಇದ್ದು ಅಭ್ಯಾಸವಾದ ಮನೆತನದವರು. ದೇವರಿಗಾಗಿ ಹಸಿದವರಿಗೆ ಘಟಕಕ್ಕಾಗಿ ಹಸಿಯುವುದು ಕಷ್ಟವಲ್ಲ. ಪರೀಕ್ಷೆಯ ವಾರ ಬಂದಿತೆಂದರೆ ಅನ್ನ ನಿಲ್ಲುತ್ತದೆ. ಆಮೇಲೆ ರೊಟ್ಟಿ ನಿಲ್ಲುತ್ತದೆ. ಕೊನೆಯ ದಿನ ಮೆಂತ್ಯೆ ನೆನೆಸಿದ ನೀರು, ಹಾಗಲಕಾಯಿ, ಮನಸ್ಸು ತಡೆಯದಿದ್ದರೆ ಅರ್ಧ ಸೌತೆಕಾಯಿ. ಇನ್ಸುಲಿನ್ ಸೂಜಿಯನ್ನು ಮಾತ್ರ ಯಾರೂ ಬಿಡುವುದಿಲ್ಲ, ಕಡಿಮೆಯೂ ಮಾಡಿಕೊಳ್ಳುವುದಿಲ್ಲ. ಯಾಕೆಂದರೆ ತಮ್ಮ ಪ್ರಶ್ನೆಗಳಲ್ಲಿ ಮೊದಲನೆಯದೇ 'ಔಷಧಿ ತಪ್ಪಿಸಿದ್ದೀರಾ?' ಎಂಬುದು. ದೇವರಿಗೆ ಸುಳ್ಳು ಹೇಳಿದರೂ ಹೇಳಿಯಾರು, ಸೂಜಿಯ ವಿಷಯದಲ್ಲಿ ಅದನ್ನು ಕೊಡುವವರಿಗೆ ಹೇಳಲು ಅವರಿಗೆ ಧೈರ್ಯವಿಲ್ಲ. ಹೀಗೆ ಹೊಟ್ಟೆ ಬರಿದು, ಸೂಜಿ ಪೂರ್ತಿ; ರಕ್ತದ ಸಕ್ಕರೆ ಇಳಿಯುತ್ತಲೇ ಹೋಗುತ್ತದೆ. ಇದರ ಅರ್ಥವೇನೆಂದು ವೈದ್ಯರಾದ ತಮಗೆ ನಾನು ವಿವರಿಸಬೇಕಾಗಿಲ್ಲ. ಅದನ್ನು ಈವರೆಗೆ ಕಂಡಿಲ್ಲವೇಕೆ ಎಂದು ಮಾತ್ರ ಕೇಳಬೇಕಾಗಿದೆ.

ಕಳೆದ ಸಲ ಅಕ್ಕನನ್ನು ಕರೆತರಲು ನಾನೇ ಅವಳ ಊರು ಸಿರುಗುಪ್ಪಕ್ಕೆ ಹೋಗಿದ್ದೆ. ನಾನೂ ತಮ್ಮ ರೋಗಿಯೇ. ಒಟ್ಟಿಗೆ ಪರೀಕ್ಷೆಗೆ ಬರೋಣ ಎಂದುಕೊಂಡಿದ್ದೆವು. ಬೆಳಗಿನ ಬಸ್ಸು. ಕಿಟಕಿಯ ಹೊರಗೆ ಕಾಲುವೆ, ಗದ್ದೆ, ಹಸಿರು. ಅನ್ನ ಬೆಳೆಯುವ ಊರಿನಿಂದ ಅನ್ನ ಬಿಟ್ಟವರಿಬ್ಬರು ಹೊರಟಿದ್ದೇವಲ್ಲ ಎಂದು ನನಗೆ ನಗೆ ಬಂದದ್ದು ನೆನಪಿದೆ. ಕುರುಗೋಡು ಸಮೀಪಿಸುತ್ತಿದ್ದಂತೆ ಅಕ್ಕನ ಮಾತು ನಿಂತಿತು. ಹಣೆಯಲ್ಲಿ ಬೆವರು. ಅಷ್ಟು ಹೊತ್ತಿಗೆ ಅಂಥ ಬಿಸಿಲೇನೂ ಇರಲಿಲ್ಲ. ನಾನು ಅವಳ ಕೈ ಹಿಡಿದೆ. ಅವಳು ತಟ್ಟನೆ ಕೈ ಕಿತ್ತುಕೊಂಡು ನನ್ನನ್ನು ನೋಡಿದಳು.

"ಯಾರಲೇ ನೀನು? ನನ್ನ ಮಗ್ಗಲಿಗೆ ಯಾಕ ಕುಂತೀಯಲೇ?"

ನನ್ನನ್ನು ಎತ್ತಿ ಆಡಿಸಿದವಳು ಕೇಳಿದ ಪ್ರಶ್ನೆ ಇದು. ತಮಾಷೆಯಲ್ಲ ಎಂದು ಅವಳ ಕಣ್ಣು ಹೇಳುತ್ತಿತ್ತು. ಆ ಕಣ್ಣಿನಲ್ಲಿ ನಾನಿರಲಿಲ್ಲ.  ಬಸ್ಸು ಕುರುಗೋಡಿನಲ್ಲಿ ನಿಂತಿತು, ಜನ ಹತ್ತಿದರು, ಹತ್ತಿದವರು ನಮ್ಮ ಸುತ್ತ ಗುಂಪಾದರು.

"ಮೈಯಾಗ ದೇವರು ಬಂದೈತಿ, ಹಿಂದಕ್ಕ ಸರೀರಿ."

"ದೇವರೆಲ್ಲಿದು ಮಾರಾಯ, ಪಿತ್ತ. ಲಿಂಬಿಹಣ್ಣು ಮೂಸಿಸ್ರಿ."

"ಕೆಳಗ ಇಳಿಸಿಬಿಡ್ರಿ ಸಾಮಿ," ಎಂದ ಕಂಡಕ್ಟರು, "ಗಾಡಿ ಲೇಟ್ ಆಗತೈತಿ."

ಆಗ ಹತ್ತಿದವರಲ್ಲಿ ಒಬ್ಬ ಹೆಂಗಸು ಗುಂಪನ್ನು ಮೊಣಕೈಯಿಂದ ಸೀಳಿಕೊಂಡು ಒಳಗೆ ಬಂದಳು. ಹೊನ್ನೂರಮ್ಮ ಎಂದು ಅವಳ ಹೆಸರು. ಅವಳೂ ತಮ್ಮ ರೋಗಿ, ಅವಳೂ ಪರೀಕ್ಷೆಗೇ ಹೊರಟವಳು. ತಮ್ಮ ಘಟಕದ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತು ಪರಿಚಯವಾದವಳು. "ದೇವರೂ ಇಲ್ಲ ದೆವ್ವನೂ ಇಲ್ಲ, ಹೊಟ್ಟಿ ಖಾಲಿ ಐತಿ, ಸೂಜಿ ಒಳಗೈತಿ," ಎಂದು ಬೈಯುತ್ತಲೇ ಸೆರಗಿನ ಗಂಟು ಬಿಚ್ಚಿ ಬೆಲ್ಲದ ಹೆಂಟೆ ತೆಗೆದಳು. "ಬಾಯಿ ತೆಗಿಯವ್ವಾ. ತೆಗೀತೀಯೋ ಬಡೀಲೋ?" ಅಕ್ಕ ಹಲ್ಲು ಕಚ್ಚಿದಳು. ಹೊನ್ನೂರಮ್ಮ ಬೆಲ್ಲ ಪುಡಿಮಾಡಿ ಅವಳ ಕೆನ್ನೆಯೊಳಕ್ಕೆ ತಿಕ್ಕಿದಳು. ಬಸ್ಸು ಹೊರಟಿತು. ಎಷ್ಟು ಹೊತ್ತಾಯಿತೋ. ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು, ನನ್ನನ್ನು ಗುರುತಿಸಿದಳು, ನಾಲಿಗೆ ಚಪ್ಪರಿಸಿದಳು. ಮುಖ ಬಿಳಿಚಿತು.

"ಬೆಲ್ಲ ತಿನಿಸಿದ್ರಾ? ಅಯ್ಯೋ ತಮ್ಮಾ, ಈಗ ಕೆಂಪು ಬರತೈತಲ್ಲೋ!"

ಸಾವಿನ ಬಾಗಿಲಿನಿಂದ ಮರಳಿದವಳ ಮೊದಲ ಮಾತು ಇದು.  ಅವಳು ಸಾವಿಗೆ ಹೆದರಿರಲಿಲ್ಲ, ಬಣ್ಣಕ್ಕೆ ಹೆದರಿದ್ದಳು.

ನಾನು ಹೊನ್ನೂರಮ್ಮನನ್ನು ಕೇಳಿದೆ: "ಬೆಲ್ಲ ಕಟ್ಟಿಕೊಂಡು ಬರುವಷ್ಟು ಗೊತ್ತಿದೆ ನಿಮಗೆ. ಹಾಗಾದರೆ ನೀವು ಈವತ್ತು ಉಂಡು ಬಂದಿರಬೇಕು?"

"ಎಲ್ಲೀದು. ನಾನೂ ಒಪ್ಪತ್ತ."

"ಗೊತ್ತಿದ್ದೂ?"

"ಗೊತ್ತಿದ್ರ ಏನ್ ಮಾಡ್ಲಿ ಸಾರೂ? ಕೆಂಪು ಬಂದ್ರ ಸೂಜಿ ನಿಮ್ಮಪ್ಪ ಕೊಡತಾನೇನು?"

ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ತಮ್ಮಲ್ಲಿ ಉತ್ತರವಿದೆಯೇ?

ಘಟಕದ ಗೇಟು ಬರುವ ಮೊದಲೇ ಉಳಿದ ಬೆಲ್ಲವನ್ನು ಅವಳು ಕಾಂಪೌಂಡಿನ ಕಲ್ಲಿನ ಸಂದಿಯಲ್ಲಿ ತುರುಕಿದಳು. ಸಿಹಿಯೊಂದಿಗೆ ಸಿಕ್ಕಿಬಿದ್ದರೆ ತಮ್ಮ ಅಟೆಂಡರು ಎಲ್ಲರೆದುರು ಬೈಯುತ್ತಾನಂತೆ. ಒಳಗೆ ಅಕ್ಕನ ನಳಿಗೆ ನೀಲಿಯಾಗಿಯೇ ಉಳಿಯಿತು, ಅಷ್ಟು ಬೆಲ್ಲ ಮೂತ್ರದ ತನಕ ಇಳಿದಿರಲಿಲ್ಲ; ನನ್ನದೂ ನೀಲಿಯೇ. ಇಬ್ಬರಿಗೂ "ಭೇಷ್" ಎಂದರು. 'ಸಿಹಿ ತಿಂದಿದ್ದೀರಾ?' ಎಂಬ ಪ್ರಶ್ನೆಗೆ ಅಕ್ಕ "ಇಲ್ಲ" ಎಂದಳು. ಅಂದು ಅವಳ ಜೀವ ಉಳಿಸಿದ ಒಂದೇ ಒಂದು ಸಂಗತಿ ತಮ್ಮ ಸಂಶೋಧನೆಯ ಪ್ರಕಾರ ನಡೆಯಲೇ ಇಲ್ಲ.

ಆ ನೀಲಿಯನ್ನು ನಾನೂ ನೋಡಿದೆ. ಸುಂದರವಾದ ಬಣ್ಣ. ಸಕ್ಕರೆ ಹದವಾಗಿದ್ದರೂ ನೀಲಿ, ಪಾತಾಳಕ್ಕೆ ಇಳಿದಿದ್ದರೂ ನೀಲಿ. ಆರೋಗ್ಯವಂತನೂ ಸಾಯುತ್ತಿರುವವನೂ ಆ ನಳಿಗೆಯಲ್ಲಿ ಒಂದೇ. ಇಷ್ಟು ದೊಡ್ಡ ಸಮಾನತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಆದರೆ ಕಳೆದ ತಿಂಗಳು ತಾವು ಸಭೆ ಸೇರಿಸಿದಿರಿ. ರೋಗಿಗಳನ್ನೂ ಹಿಂದಿನ ಸಾಲುಗಳಲ್ಲಿ ಕೂಡಿಸಿದಿರಿ. ವೇದಿಕೆಯ ಮೇಲಿಂದ ತಾವು, ಅನ್ನವೇ ಮುಖ್ಯ ಆಹಾರವಾದ ಸೀಮೆಯಲ್ಲೂ ಇಂಥ ಫಲಿತಾಂಶ ಬಂದಿರುವುದು ರೋಗಿಗಳ ಶಿಸ್ತಿಗೆ ಸಾಕ್ಷಿ ಎಂದಿರಿ. ಆ ಶಿಸ್ತಿಗೆ ಉದಾಹರಣೆಯಾಗಿ ನನ್ನ ಅಕ್ಕನನ್ನು ಎದ್ದು ನಿಲ್ಲಿಸಿದಿರಿ. ಚಪ್ಪಾಳೆಯಾಯಿತು. ಅಕ್ಕ ಸೆರಗು ಹೊದ್ದು ಕೈಮುಗಿದು ನಿಂತಿದ್ದಳು. ಹೆಮ್ಮೆಯಿಂದ ನಿಂತಂತೆ ಕಾಣುತ್ತಿತ್ತು. 'ಇನ್ನ ಕೆಂಪು ಬಂದ್ರ ಹೆಂಗಪ್ಪಾ' ಎಂದು ಅವಳು ಪಿಸುಗುಟ್ಟಿದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಇಷ್ಟು ದಿನ ಫೇಲಾಗುವ ಭಯ ಮಾತ್ರ ಇತ್ತು. ಅಂದಿನಿಂದ ಮೊದಲ ದರ್ಜೆಯಿಂದ ಇಳಿಯುವ ಭಯವೂ ಸೇರಿಕೊಂಡಿದೆ.

ಸಭೆ ಮುಗಿದ ಮೇಲೆ ನಾನು ತಮ್ಮ ಬಳಿಗೆ ಬಂದಿದ್ದೆ. ತಮಗೆ ನೆನಪಿರಲಾರದು. ಪ್ರಶ್ನೆಗಳನ್ನು ತಯಾರಿಸುವಾಗ ಇಬ್ಬರು ಮೂವರು ರೋಗಿಗಳನ್ನು ಜೊತೆಗೆ ಕೂಡಿಸಿಕೊಳ್ಳಬಾರದೇ ಎಂದು ಕೇಳಿದೆ. ತಾವು ನಕ್ಕು, "ರೋಗಿಗಳನ್ನು ಕೂಡಿಸಿಕೊಂಡರೆ ಅದು ಸಭೆ ಆಗೋದಿಲ್ಲ ಮೇಷ್ಟ್ರೇ, ಸಂತೆ ಆಗುತ್ತೆ" ಎಂದಿರಿ. ಸುತ್ತ ಇದ್ದವರೂ ನಕ್ಕರು. ಬಸ್ಸಿನ ವಿಷಯ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದಳು.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಪ್ರತಿವರ್ಷ ಹುಡುಗರನ್ನು ಸಂಗನಕಲ್ಲಿನ ಗುಡ್ಡಕ್ಕೆ ಕರೆದೊಯ್ಯುತ್ತೇನೆ. ಅಲ್ಲಿ ಸಾವಿರಾರು ವರ್ಷಗಳ ಹಿಂದೆ ಯಾರೋ ಕಲ್ಲಿಗೆ ಕಲ್ಲು ಬಡಿದು ಕೊಡಲಿ ಮಾಡಿದ್ದಾರೆ. ಮಾಡಿದವನು ಏನು ಉಂಡ, ಯಾವುದಕ್ಕೆ ಹೆದರಿದ ಎಂದು ಹುಡುಗರು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಅವನನ್ನು ಕೇಳಲು ಆಗುವುದಿಲ್ಲ; ಕಲ್ಲಿನ ಗಾಯ ನೋಡಿ ಕೈಯನ್ನು ಊಹಿಸಬೇಕು. ನನ್ನ ವಿದ್ಯೆಗೆ ಅದೇ ಹಣೆಬರಹ. ತಮ್ಮ ವಿದ್ಯೆಗೆ ಆ ಹಣೆಬರಹವನ್ನು ಯಾಕೆ ತಂದುಕೊಳ್ಳುತ್ತೀರಿ? ತಮ್ಮವರು ಬದುಕಿದ್ದಾರೆ. ತಮ್ಮದೇ ಬೆಂಚಿನ ಮೇಲೆ, ಕರೆದರೆ ಕೇಳಿಸುವಷ್ಟು ಹತ್ತಿರ ಕೂತಿದ್ದಾರೆ. ತಾವು ಬಾಗಿಲು ಹಾಕಿಕೊಂಡು ಅವರ ಮೂತ್ರದಿಂದ ಅವರ ಬದುಕನ್ನು ಊಹಿಸುತ್ತಿದ್ದೀರಿ.

ಇನ್ನೊಂದು ಸಂಗತಿ; ಇದನ್ನು ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಸಕ್ಕರೆ ಇಳಿದಾಗ ಬೆರಳು ನಡುಗುತ್ತದೆ, ಅಂಗೈ ತೇವವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಭಯವಾದಾಗಲೂ ಹಾಗೆಯೇ. ತಮ್ಮ ಬೆಂಚಿನ ಮೇಲೆ ಕೂತವನಿಗೆ ತನಗೆ ಆಗುತ್ತಿರುವುದು ಯಾವುದೆಂದು ತಿಳಿಯುವುದಿಲ್ಲ. ಭಯವೆಂದುಕೊಂಡು ಸುಮ್ಮನಿದ್ದರೆ ಸಾಯಬಹುದು. ಸಕ್ಕರೆಯೆಂದುಕೊಂಡು ಬೆಲ್ಲ ತಿಂದರೆ ಫೇಲಾಗಬಹುದು. ಇದರೊಂದಿಗೆ ನಾವು ದಿನವೂ ಬದುಕುತ್ತೇವೆ. ತಾವು ಅಳೆಯಬೇಕೆಂದಿದ್ದ 'ಕಾಯಿಲೆಯೊಂದಿಗಿನ ಬದುಕು' ಇದೇ ಅಲ್ಲವೇ? ತಮ್ಮ ಯಾವ ಪ್ರಶ್ನೆಯಲ್ಲಿ ಇದು ಇದೆ? ಪ್ರಶ್ನೆಗಳನ್ನು ತಯಾರಿಸುವ ಸಭೆಯಲ್ಲಿ ಹೊನ್ನೂರಮ್ಮ ಇದ್ದಿದ್ದರೆ ಬಾಗಿಲ ಪಕ್ಕದ ಫಲಕವನ್ನೇ ಮೊದಲು ತೆಗೆಸುತ್ತಿದ್ದಳು. ಸಂತೆಯಾಗುತ್ತಿತ್ತು, ನಿಜ. ಆದರೆ ಸಂತೆಯಲ್ಲಿ ಜನ ಖುಲ್ಲಂಖುಲ್ಲಾ ಮಾತಾಡುತ್ತಾರೆ.

ಈ ಪತ್ರದಲ್ಲಿ ಹೆಸರು ಹಾಕಬಹುದೇ ಎಂದು ಅವಳನ್ನು ಕೇಳಿದೆ. "ಹಾಕ್ರಿ. ಕುರುಗೋಡಿನಾಗ ಕಲ್ಲು ಒಗದ್ರ ಒಬ್ಬಾಕಿ ಹೊನ್ನೂರಮ್ಮಗ ಬಡಿತೈತಿ. ಯಾರಂತ ಹುಡುಕ್ತಾರ?" ಎಂದಳು. ನಕ್ಕಳು ಕೂಡ. ಆಮೇಲೆ ಸೆರಗಿನ ಗಂಟು ಬಿಗಿದುಕೊಳ್ಳುತ್ತ, "ಹುಡುಕಂಗಿಲ್ಲಲ್ಲ?" ಎಂದಳು.

ಅಕ್ಕನನ್ನೂ ಕೇಳಿದೆ. ಅವಳು ಕೊನೆತನಕ ಕೇಳಿಸಿಕೊಂಡು, "ಬರಿಯಪ್ಪ, ಬ್ಯಾಡ ಅನ್ನಂಗಿಲ್ಲ. ಪರೀಕ್ಷಿ ಆದಮ್ಯಾಲೆ ಹಾಕಿಸು," ಎಂದಳು. ಆಗಲೇ ಅವಳು ಅನ್ನ ಬಿಟ್ಟಾಗಿತ್ತು. ತಟ್ಟೆಯ ಬದಲು ಎದುರಿಗೆ ಮೆಂತ್ಯೆ ನೀರಿನ ಲೋಟ ಇತ್ತು. ಈ ಸಲ ಹೊನ್ನೂರಮ್ಮ ಅದೇ ಬಸ್ಸಿಗೆ ಹತ್ತುತ್ತಾಳೆಂದು ಯಾರು ಹೇಳಬೇಕು? ಪರೀಕ್ಷೆ ಆದ ಮೇಲೆ ಈ ಪತ್ರ ಯಾರಿಗಾಗಿ? ಅದಕ್ಕೇ ಅವಳ ಮಾತು ಮೀರಿ ಮೊದಲೇ ಅಚ್ಚಿಗೆ ಕೊಟ್ಟಿದ್ದೇನೆ. ಅವಳ ಹೆಸರು ಹಾಕಿಲ್ಲ. ಆದರೆ ಚಪ್ಪಾಳೆ ಹೊಡೆದವರಿಗೆಲ್ಲ ಅವಳ ಮುಖ ಗೊತ್ತಿದೆ.

ಕೇಳುವುದಿಷ್ಟು. ಸೋಮವಾರಕ್ಕೆ ಮೊದಲು ಆ ಫಲಕ ಇಳಿಸಿ. ಯಾವ ಬಣ್ಣ ಬಂದರೂ ಯಾರ ಇನ್ಸುಲಿನ್ನೂ ನಿಲ್ಲುವುದಿಲ್ಲ ಎಂದು ಸಿರುಗುಪ್ಪದಲ್ಲೂ ಕುರುಗೋಡಿನಲ್ಲೂ ಡಂಗುರ ಹೊಡೆಸಿ. ಒಪ್ಪತ್ತು ಬಿಟ್ಟು ಉಂಡು ಬರಲು ಹೇಳಿಸಿ. ಆಮೇಲೆ ತಮ್ಮ ಮೇಜಿನ ಸುತ್ತ ನಾಲ್ಕು ಕುರ್ಚಿ ಹೆಚ್ಚಿಗೆ ಹಾಕಿಸಿ, ರೋಗಿಗಳನ್ನು ಕೂಡಿಸಿ, ಏನನ್ನು ಕೇಳಬೇಕೆಂದು ಮೊದಲು ಅವರನ್ನು ಕೇಳಿ. ಈ ಪತ್ರಕ್ಕಾಗಿ ಯಾರನ್ನಾದರೂ ತೆಗೆದುಹಾಕಲೇಬೇಕಾದರೆ ನನ್ನನ್ನು ತೆಗೆಯಿರಿ, ಅವರನ್ನಲ್ಲ. ಅಕ್ಕ ನನ್ನ ಮೇಲೆ ಸಿಟ್ಟಾಗುತ್ತಾಳೆ, ಬಹುಶಃ ಬಹಳ ದಿನ ಮಾತು ಬಿಡುತ್ತಾಳೆ. ಬಿಡಲಿ. ಸಿಟ್ಟಾಗುವುದಕ್ಕೆ ಅವಳು ಇರಬೇಕಲ್ಲ.

ಇದನ್ನು ಬರೆಯುವಾಗ ನನ್ನ ಬೆರಳು ನಡುಗುತ್ತಿದೆ, ಪೆನ್ನು ಒದ್ದೆಯಾಗಿದೆ. ಈವತ್ತು ನಾನೂ ಉಂಡಿಲ್ಲ. ಇದು ಯಾವುದೆಂದು ನನಗೆ ಗೊತ್ತಾಗುತ್ತಿಲ್ಲ. ಎದ್ದು ಅನ್ನ ಬಡಿಸಿಕೊಳ್ಳುತ್ತೇನೆ.

ಇಂತಿ,
ಕಳೆದ ಸಲ ತಮ್ಮಿಂದ 'ಭೇಷ್' ಎನ್ನಿಸಿಕೊಂಡ,
ಬರುವ ಸೋಮವಾರ ಹೊಟ್ಟೆ ತುಂಬ ಉಂಡು ಕೆಂಪಾಗಿ ಬರಲಿರುವ
ತಮ್ಮ ಒಬ್ಬ ಶಿಸ್ತಿಲ್ಲದ ರೋಗಿ