ಅಸಲಿ ಚಿಪ್‌ಗೆ ಎರಡು ಕೇಕ್

ಬ್ರೌನ್‌ಶ್ವೈಗ್
೨೦ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ತಂಗಿ ರೋಸಿಗೆ,

ನಿನ್ನ ಅಣ್ಣ ಇನ್ನೂ ಇದ್ದಾನೆ, ಗಟ್ಟಿಯಾಗಿಯೇ ಇದ್ದಾನೆ. ನೀನು ಜೂನ್‌ನಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಬರೆಯಲು ಕೂತಿದ್ದಕ್ಕೆ ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ. ಆದರೆ ಮೊದಲು ಪೂರ್ತಿ ಓದು, ಆಮೇಲೆ ಬೈ. ನಿನ್ನ ಅತ್ತಿಗೆ ಯುಟಾಳ ಮಂಡಿ ಸುಧಾರಿಸಿದೆ. ಬೇಸಿಗೆಯಲ್ಲಿ ಚಿಕಿತ್ಸೆಗೆಂದು ಅವಳ ಅಕ್ಕನ ಮನೆಯಲ್ಲಿದ್ದಳು, ಈಗ ಮನೆಗೆ ಬಂದಿದ್ದಾಳೆ, ಮೆಟ್ಟಿಲು ಹತ್ತಿಳಿಯುತ್ತಾಳೆ, ನನ್ನನ್ನು ಮೊದಲಿನಷ್ಟೇ ಗದರುತ್ತಾಳೆ.

ಈಗ ನಿಜವಾದ ಸುದ್ದಿ. ನಮ್ಮೂರ ಹೊಳೆಯ ಹೆಸರಿಟ್ಟ ನಮ್ಮ ಹಾಡು "ಓಕರ್" ನಿನ್ನೆ ಸಂಜೆ ಮತ್ತೆ ಹಾಡಿತು ಕಣೇ! ಅಸಲಿ ಚಿಪ್ ಮೇಲೆ, ಹಳೆಯ ಕಂಪ್ಯೂಟರ್ ಕ್ಲಬ್ಬಿನ ಅಷ್ಟೂ ಜನರ ಮುಂದೆ. ನನಗೆ ರಾತ್ರಿಯಿಡೀ ನಿದ್ದೆ ಬಂದಿಲ್ಲ.

ಮಾರ್ಚ್‌ನಲ್ಲಿ ನಮ್ಮ ಹಳೆಯ ಕಂಪ್ಯೂಟರ್ "ಬ್ರೆಡ್ ಡಬ್ಬಿ" ಮೂಕವಾಯಿತೆಂದು ಹೇಳಿದ್ದೆನಲ್ಲ. ಪರದೆ ಬೆಳಗುತ್ತದೆ, ಕೀಲಿಗಳು ಕೆಲಸ ಮಾಡುತ್ತವೆ, ಸದ್ದು ಮಾತ್ರ ಇಲ್ಲ. ಅದರ ಸದ್ದಿನ ಚಿಪ್ ಸತ್ತಿತ್ತು. ಅಂಥ ಚಿಪ್ ತಯಾರಿಸುವುದನ್ನು ನಿಲ್ಲಿಸಿ ಮೂವತ್ತು ವರ್ಷ ದಾಟಿದೆ. ಈಗಿನ ಬದಲಿ ಚಿಪ್ ಹಾಕಬಹುದು ನಿಜ, ಆದರೆ ಹಳೆಯ ಚಿಪ್‌ಗಳಲ್ಲಿ ಒಂದರ ದನಿ ಇನ್ನೊಂದಕ್ಕಿಲ್ಲ, ಬದಲಿಯದ್ದಂತೂ ಬಾಯಲ್ಲಿ ಬಟ್ಟೆ ತುರುಕಿದ ಹಾಗೆ. ಜೊತೆಗೆ ನಮ್ಮ ಕ್ಲಬ್ಬಿನ ಕಟ್ಟಳೆ ನಿನಗೆ ಗೊತ್ತೇ ಇದೆ. ಅಕ್ಟೋಬರ್ ಸಭೆಯಲ್ಲಿ ಒಬ್ಬರು ತಮ್ಮದೇ ಹಾಡನ್ನು ತಮ್ಮದೇ ಯಂತ್ರದಲ್ಲಿ, ಆ ಕಾಲದ ಚಿಪ್‌ನಿಂದಲೇ ನುಡಿಸಬೇಕು. ಈ ವರ್ಷ ನನ್ನ ಸರದಿ. ಅದನ್ನೇ ರೆಕಾರ್ಡ್ ಮಾಡಿ ನಿನ್ನ ಐವತ್ತನೇ ಹುಟ್ಟುಹಬ್ಬಕ್ಕೆ ಕಳಿಸಬೇಕೆಂದು ಹಟ ಹಿಡಿದು ಕೂತೆ.

ಹಾಗಾಗಿ ಆನ್‌ಲೈನ್ ಪೇಟೆಗೆ ಇಳಿದೆ. ಅದು ಪೇಟೆಯಲ್ಲ, ಮುಖವಾಡ ಹಾಕಿಕೊಂಡವರ ಮೆರವಣಿಗೆ. ಮೊದಲು ಕೊಂಡದ್ದು ದೂರದ ದೇಶದ ಮಾರಾಟಗಾರನಿಂದ. ಫೋಟೋದಲ್ಲಿ ಫಳಫಳ ಹೊಳೆಯುತ್ತಿತ್ತು, ಅಕ್ಷರಗಳು ಈಗ ತಾನೇ ಅಚ್ಚಾದಂತೆ. ನಲವತ್ತು ವರ್ಷ ಹಳೆಯ ಸಾಮಾನು ಮದುವಣಗಿತ್ತಿಯಂತೆ ಕಂಡರೆ ಅನುಮಾನ ಬರಬೇಕಿತ್ತು, ನನಗೆ ಆಸೆ ಬಂತು. ನಮ್ಮ ಕ್ಲಬ್ಬಿನ ಆನ್ಸ್‌ಗರ್ ನಿನಗೆ ಗೊತ್ತಲ್ಲ, ಹಿಂದೆ ಪೋಸ್ಟಾಫೀಸಿನಲ್ಲಿದ್ದವನು, ನಾಲಿಗೆ ಚೂಪು. ಅವನು ಹತ್ತಿಯನ್ನು ಬಣ್ಣ ಕರಗಿಸುವ ಅಸಿಟೋನ್‌ನಲ್ಲಿ ಅದ್ದಿ ಮೇಲ್ಮೈ ಉಜ್ಜಿದ. ಹತ್ತಿ ಕಪ್ಪಗಾಯಿತು. ಯಾವುದೋ ಕೆಲಸಕ್ಕೆ ಬಾರದ ಚಿಪ್‌ನ ಹಳೆಯ ಹೆಸರನ್ನು ಕೆರೆದು, ಕಪ್ಪು ಬಣ್ಣ ಬಳಿದು, ಹೊಸ ಹೆಸರು ಹಚ್ಚಿದ್ದರು. ಮೇಲೆ ಹಾಕಿದ್ದ ತಯಾರಿಕೆಯ ವರ್ಷವೋ, ಆ ನಮೂನೆಯ ಚಿಪ್ ಮಾಡುವುದನ್ನೇ ನಿಲ್ಲಿಸಿದ ಮೇಲಿನದು. ಸತ್ತವನಿಗೆ ಆಮೇಲೆ ಮಗು ಹುಟ್ಟಿದ ಲೆಕ್ಕ ಎಂದು ಆನ್ಸ್‌ಗರ್ ಎಲ್ಲರೆದುರು ಆಡಿಕೊಂಡ.

ನಕಲಿಗೆ ಬಿದ್ದವನು ಮುಂದಿನ ಶನಿವಾರ ಕೇಕ್ ತರಬೇಕು, ಅದು ನಮ್ಮಲ್ಲಿ ನಡೆದು ಬಂದದ್ದು. ಪ್ಲಮ್ ಹಣ್ಣಿನ ಕೇಕ್ ಒಯ್ದೆ. ತಳ ಸೀದಿತ್ತು, ಆದರೂ ಬಿಡದೆ ತಿಂದರು.

ಎರಡನೆಯ ಸಲ ಹುಷಾರಾದೆ. ಒಂದೇ ಫೋಟೋವನ್ನು ನೂರು ಕಡೆ ಅಂಟಿಸಿದವರನ್ನು ಬಿಟ್ಟೆ. "ಎಷ್ಟು ಬೇಕಾದರೂ ಇದೆ" ಎಂದವರನ್ನು ಬಿಟ್ಟೆ, ಹಳೆಯದು ಎಷ್ಟು ಬೇಕಾದರೂ ಎಲ್ಲಿಂದ ಬರುತ್ತದೆ ಹೇಳು. ಕೊನೆಗೆ ಗೋಸ್ಲಾರ್‌ನ ಶ್ರೀಮತಿ ಲ್ಯುಡೆಕೆ ಎಂಬ ಹೆಂಗಸು ಸಿಕ್ಕರು. ತೀರಿಕೊಂಡ ಗಂಡನ ಡ್ರಾಯರಿನಲ್ಲಿದ್ದದ್ದನ್ನು ಮಾರುತ್ತಿದ್ದರು. ಆ ದಿನದ ಪತ್ರಿಕೆಯ ಪಕ್ಕ ಚಿಪ್ ಇಟ್ಟು ಮೇಲಿನಿಂದ, ಕೆಳಗಿನಿಂದ ಫೋಟೋ ತೆಗೆದು ಕಳಿಸಿ ಎಂದು ಕೇಳಿದೆ. ಬೇಸರಿಸದೆ ಕಳಿಸಿದರು. ಚಿಪ್‌ನ ಲೋಹದ ಕಾಲುಗಳು ಮಂಕು, ಮೈಮೇಲೆ ಹಳೆಯ ಚೀಟಿಯ ಅಂಟು, ಅರ್ಧ ಮಾಸಿದ ಅಕ್ಷರ. ಇಷ್ಟು ಕೊಳಕನ್ನು ಯಾರೂ ಬೇಕೆಂದು ಮಾಡುವುದಿಲ್ಲ ಅನ್ನಿಸಿತು. ತರಿಸಿಕೊಂಡೆ.

ಈಗ ನಿನ್ನ ಅಣ್ಣನ ಬುದ್ಧಿವಂತಿಕೆ ಕೇಳು. ಮನೆಯಲ್ಲಿ ಒಬ್ಬನೇ ಇದ್ದೆ. ಆನ್ಸ್‌ಗರ್ ಮಾಡಿದಂತೆ ನಾನೂ ಹತ್ತಿ ಅದ್ದಿ ಉಜ್ಜಿದೆ. ಅಕ್ಷರಗಳು ಅಳಿಸಿಹೋದವು! ಆದರೂ ಚಿಪ್ ಕೂರಿಸಿ "ಓಕರ್" ಹಾಕಿದೆ. ಚಿಪ್‌ನ ಮೂರು ದನಿಗಳಲ್ಲಿ ತಳದ್ದು ಬಂತು, ನಡುವಿನದು ಬಂತು, ಮೂರನೆಯದು ಇಲ್ಲ. ಮೂರನೆಯದು ಯಾವುದೆಂದು ನಿನಗೆ ಹೇಳಬೇಕೇ? ನೀನು ಹನ್ನೆರಡು ವರ್ಷದವಳಿದ್ದಾಗ, ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಹೇಳದೆ ಕೇಳದೆ ನನ್ನ ಹಾಡಿನೊಳಗೆ ತೂರಿಸಿದೆಯಲ್ಲ, ಆ ಸಣ್ಣ ಗಂಟೆಗಳು. ಬಂದು ನೋಡಿ ಕೂಗಾಡಿದ್ದೆ, ಆಮೇಲೆ ಅವಿಲ್ಲದೆ ಹಾಡೇ ಬೋಳು ಅನ್ನಿಸಿ ಉಳಿಸಿಕೊಂಡಿದ್ದೆ. ಅವೇ ಇಲ್ಲವಾಗಿದ್ದವು. ಇನ್ನೇನು ಸಾಕ್ಷಿ ಬೇಕು ಎಂದುಕೊಂಡು ಅದೇ ದಿನ ಚಿಪ್ ವಾಪಸ್ ಕಳಿಸಿ, ಆ ಹೆಂಗಸಿಗೆ ಖಾರವಾಗಿ ಬರೆದೆ. ಅವರು ಹಣ ಹಿಂದಿರುಗಿಸಿ, ಕೆಳಗೆ ಎರಡು ಸಾಲು ಬರೆದಿದ್ದರು. ತಮ್ಮ ಯಜಮಾನರು ಬದುಕಿದ್ದಾಗ ಯಾರಿಗೂ ಸುಳ್ಳು ಸಾಮಾನು ಕೊಟ್ಟವರಲ್ಲ, ಸತ್ತ ಮೇಲೆ ಈ ಮಾತು ಕೇಳಬೇಕಾಯಿತು ಎಂದು.

ಶನಿವಾರ ಮತ್ತೊಂದು ಕೇಕ್ ಹೊತ್ತು ಕ್ಲಬ್ಬಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಆನ್ಸ್‌ಗರ್ ತಟ್ಟೆ ಕೆಳಗಿಟ್ಟ.

"ಹತ್ತಿ ಯಾವ ಬಣ್ಣಕ್ಕೆ ತಿರುಗ್ತು?"

"ಬೆಳ್ಳಗೇ ಇತ್ತು. ಅಕ್ಷರದ ಬಿಳಿ ಮಸಿ ಸ್ವಲ್ಪ ಅಂಟಿತ್ತು ಅಷ್ಟೆ."

"ಅಯ್ಯೋ ಮಾರಾಯ, ಆ ಕಾಲದ್ದು ಬರೀ ಮಸಿ ಕಣೋ, ಉಜ್ಜಿದ್ರೆ ಹೋಗದೆ ಇನ್ನೇನಾಗುತ್ತೆ? ಕಪ್ಪು ಬಣ್ಣ ಬಂದ್ರೆ ನಕಲಿ. ನೀನು ಅಸಲಿ ಮಾಲನ್ನೇ ಬೋಳಿಸಿ, ಆ ಹೆಂಗಸನ್ನ ಕಳ್ಳಿ ಅಂದ್ಬಿಟ್ಟು ಬಂದಿದೀಯ."

ಆ ಹೆಂಗಸು ಕಳಿಸಿದ್ದ ಫೋಟೋಗಳನ್ನು ಎಲ್ಲರೂ ಭೂತಗನ್ನಡಿಯಲ್ಲಿ ನೋಡಿದರು. ವರ್ಷದ ಗುರುತು ಸರಿ, ತಳದಲ್ಲಿ ಅಚ್ಚು ಬಿಟ್ಟ ದುಂಡು ಗುಳಿ ಸರಿ, ಎಲ್ಲವೂ ಸರಿ. ಹಾಗಾದರೆ ಮೂರನೆಯ ದನಿ ಏಕೆ ಬರಲಿಲ್ಲ ಎಂದು ನಾನು ಕೇಳಿದರೆ, ಮೊದಲು ಚಿಪ್ ತಾ, ಆಮೇಲೆ ನೋಡೋಣ ಎಂದರು. ಅಲ್ಲಿಯೇ ಕೈ ಎತ್ತಿಸಿ ಹೊಸ ಕಟ್ಟಳೆಯನ್ನೂ ಮಾಡಿದರು, ಅಸಲಿಯನ್ನು ನಕಲಿ ಎಂದವನು ಎರಡು ಕೇಕ್ ತರಬೇಕು. ಈ ಕಟ್ಟಳೆ ಜಾರಿಗೆ ಬಂದ ದಿನವೇ ಅದಕ್ಕೆ ಸಿಕ್ಕಿಬಿದ್ದವನು ನಾನೊಬ್ಬನೇ.

ಮರುದಿನವೇ ಗೋಸ್ಲಾರ್‌ಗೆ ಕಾರು ಓಡಿಸಿದೆ. ಶ್ರೀಮತಿ ಲ್ಯುಡೆಕೆ ಬಾಗಿಲನ್ನು ಪೂರ್ತಿ ತೆರೆಯಲೇ ಇಲ್ಲ. ಇನ್ನೊಬ್ಬರು ಕೇಳಿದ್ದಾರೆ, ನಾಳೆ ಅಂಚೆಗೆ ಹಾಕುವುದು ಎಂದರು. ಮಸಿಯ ಕಥೆ, ಹತ್ತಿಯ ಕಥೆ, ಕೇಕಿನ ಕಥೆ, ಎಲ್ಲವನ್ನೂ ಹೊಸಿಲ ಹೊರಗೆ ನಿಂತೇ ಒದರಿದೆ. ಕೇಕಿನ ಮಾತಿಗೆ ಅವರ ತುಟಿ ಸ್ವಲ್ಪ ಅಲುಗಿತು. ಒಳಗೆ ಕರೆದು ಕಾಫಿ ಕೊಟ್ಟರು, ಚಿಪ್ ಇದ್ದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕೈ ಇಟ್ಟುಕೊಂಡರು.

"ಇದು ಅಸಲಿ ಅಂತ ನಿಮ್ಮ ಬಾಯಿಂದ ಹೇಳಿ."

ಹೇಳಿದೆ.

"ನನಗಲ್ಲ. ಅಲ್ಲಿ ಅವರ ಫೋಟೋ ಇದೆ ನೋಡಿ, ಆ ಕಡೆ ತಿರುಗಿ ಹೇಳಿ."

ಎದ್ದು ನಿಂತು, ಟೋಪಿ ಕೈಯಲ್ಲಿ ಹಿಡಿದು, ಗೋಡೆಯ ಮೇಲಿದ್ದ ದಪ್ಪ ಮೀಸೆಯ ಅಪರಿಚಿತನಿಗೆ ಹೇಳಿದೆ, ಸ್ವಾಮೀ, ನಿಮ್ಮ ಚಿಪ್ ಅಸಲಿ, ತಪ್ಪು ನನ್ನದು ಎಂದು. ನಗಬೇಡ ರೋಸಿ. ಅವರು ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು. ನಿನ್ನೆಯ ಸಭೆಗೂ ಬಂದಿದ್ದರು, ಕರೆದದ್ದು ನಾನೇ.

ನಿನ್ನೆ ಹೇಗಿತ್ತು ಗೊತ್ತೇ! ಎರಡು ಕೇಕ್ ಮೇಜಿನ ಮೇಲೆ, ಈ ಸಲ ಯುಟಾ ಮಾಡಿದ್ದು, ಸೀದಿರಲಿಲ್ಲ. ಚಿಪ್ ಕೂರಿಸಿದ್ದು ಆನ್ಸ್‌ಗರ್. ತಳದ ದನಿ ಹೊಳೆಯ ಹಾಗೆ ಗುರುಗುಟ್ಟುತ್ತಾ ಎದ್ದಿತು, ಅದೇ ಒರಟು ದನಿ, ಎಂಬತ್ತಾರರ ನಮ್ಮ ಅಡುಗೆಮನೆಯಲ್ಲಿ ಅಮ್ಮ "ಅದನ್ನ ಆರಿಸ್ರೋ" ಎಂದು ಕೂಗುತ್ತಿದ್ದ ದನಿ. ಗಂಟೆಗಳು ಬರುವ ಜಾಗದಲ್ಲಿ ಆನ್ಸ್‌ಗರ್ ಕಣ್ಣು ಮುಚ್ಚಿದ, ಯುಟಾ ನನ್ನ ತೋಳು ಹಿಡಿದಳು, ಶ್ರೀಮತಿ ಲ್ಯುಡೆಕೆ ತಲೆದೂಗುತ್ತಿದ್ದರು. ಮುಗಿದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಗಂಟೆಗಳನ್ನು ಯಾರು ಬರೆದದ್ದು ಎಂದು ಕೇಳಿದರು, ರೋಸ್ಟಾಕ್‌ನಲ್ಲಿರುವ ನನ್ನ ತಂಗಿ ಎಂದು ಎದೆಯುಬ್ಬಿಸಿ ಹೇಳಿದೆ. ಮನೆಯಲ್ಲಿ ಅವು ಏಕೆ ಬರಲಿಲ್ಲವೆಂದು ಆನ್ಸ್‌ಗರ್ ಬಿಡದೆ ಕೆದಕಿದ. ಚಿಪ್ ಕೂರುವ ಸಾಕೆಟ್‌ನಲ್ಲಿ ಧೂಳಿತ್ತೇನೋ ಎಂದೆ. ಒಪ್ಪಿದ.

ರೆಕಾರ್ಡ್ ಮಾಡಿದ್ದನ್ನು ಇದರ ಜೊತೆ ಇಟ್ಟಿದ್ದೇನೆ, ಹುಟ್ಟುಹಬ್ಬದ ದಿನ ತೆರೆ. ಐವತ್ತಾದರೂ ನೀನು ನನಗೆ ಆ ತಂಟೆಕೋರ ಹುಡುಗಿಯೇ. ಮೈಯಲ್ಲಿ ಆರೋಗ್ಯ, ಮನೆಯಲ್ಲಿ ನಗು ತುಂಬಿರಲಿ, ನೀನು ಕೈಗೆತ್ತಿಕೊಂಡದ್ದೆಲ್ಲ ಕೂಡಿ ಬರಲಿ. ಯುಟಾಳ ಮುತ್ತು.

ನಿನ್ನ ಅಣ್ಣ
ಎಕಾರ್ಟ್

ಮರೆತ ಮಾತು: ಸಾಕೆಟ್‌ನಲ್ಲಿ ಧೂಳಿರಲಿಲ್ಲ ರೋಸಿ. ಇಂದು ಬೆಳಗ್ಗೆ ಯುಟಾ ಚರ್ಚಿಗೆ ಹೋದಾಗ ಉಳಿದ ಎರಡು ದನಿ ಅಡಗಿಸಿ ಗಂಟೆಗಳನ್ನಷ್ಟೇ ಹಾಕಿದೆ. ರೆಕಾರ್ಡರಿನ ಮುಳ್ಳು ಒಂದೊಂದು ಗಂಟೆಗೂ ಕುಣಿಯುತ್ತಿತ್ತು, ಕೋಣೆ ಮಾತ್ರ ನಿಶ್ಶಬ್ದ. ನಿನ್ನೆಯೂ ನನಗೆ ಕೇಳಿಸಿರಲಿಲ್ಲ, ಎಲ್ಲರ ಮುಖ ನೋಡಿ ಚಪ್ಪಾಳೆ ತಟ್ಟಿದೆ. ಕಾರ್ಖಾನೆಯಲ್ಲಿ ಅಷ್ಟು ವರ್ಷ ತಗಡು ಬಡಿಯುವ ಯಂತ್ರಗಳ ನಡುವೆ ನಿಂತಿದ್ದಕ್ಕೆ ನನ್ನ ಕಿವಿ ಕೊಟ್ಟ ಲೆಕ್ಕವಿದು, ಅಷ್ಟು ತೆಳುವಾದ ಏರುದನಿ ಈಗ ಅದಕ್ಕೆ ಹತ್ತುವುದಿಲ್ಲ. ಯುಟಾಗೆ ಇನ್ನೂ ಹೇಳಿಲ್ಲ, ಹೇಳಲು ಧೈರ್ಯವಿಲ್ಲ. ನಿನ್ನ ಗಂಟೆಗಳನ್ನು ಕೊನೆಯ ಸಲ ಯಾವಾಗ ಕೇಳಿದೆನೋ ನನಗೆ ನೆನಪೇ ಇಲ್ಲ. ನೀನು ಕೇಳು, ಸರಿಯಾಗಿ ಬಂದಿವೆಯೇ ಎಂದು ನನಗೆ ಬರೆ.